ಬಿರುಕಿನೊಳಗಿನ ಕಪ್ಪು

ಗೌಸ್ ಸಾಬರ ಕೈ ನಡುಗಲಿಲ್ಲ. ಆ ದಿನವೂ ನಡುಗಲಿಲ್ಲ, ಅದಕ್ಕೆ ಮುಂಚೆಯೂ ಒಮ್ಮೆಯೂ ನಡುಗಿರಲಿಲ್ಲ. ಕುಣಿಗಲ್ಲಿನ ಆ ಅಂಗಳದಲ್ಲಿ, ಬಕ್ರೀದಿನ ಬೆಳಿಗ್ಗೆ, ಅವರ ಕೈಯಲ್ಲಿದ್ದ ಚಾಕು ಮುರಿದದ್ದು ನಾನು ಅದನ್ನು ಕೆಡಿಸಿದ್ದರಿಂದ. ಕೆಟ್ಟಿದೆ ಎಂದು ಗೊತ್ತಿದ್ದೇ ಕೊಟ್ಟೆ. ಆಮೇಲೆ ಅವರು ನನ್ನ ಮುಂದೆ ಕೂತು ಕೇಳಿದಾಗ — ತಪ್ಪು ನಿಮ್ಮ ಕೈಯದು ಅಂದೆ.

ಇಷ್ಟೇ ವಿಷಯ. ನಾಲ್ಕು ಸಾಲಿಗೆ ಮುಗಿಯಿತು. ಈ ನಾಲ್ಕು ಸಾಲು ಹೇಳುವುದಕ್ಕೆ ನನ್ನ ಮೀಸೆ ಬೆಳ್ಳಗಾಗಬೇಕಾಯಿತು. ನಾಚಿಕೆಯಿಂದ ಬರೆಯುತ್ತಿದ್ದಾನೆ ಎಂದುಕೊಳ್ಳಬೇಡಿ. ನಾಚಿಕೆ ಮೆತ್ತಗಿನದು, ಅದನ್ನು ಹೊದ್ದುಕೊಂಡು ಮಲಗಬಹುದು. ಹತ್ತು ವರ್ಷಕ್ಕೂ ಮೇಲೆ ಹಾಗೆಯೇ ಮಲಗಿದ್ದೇನೆ. ಈಗ ಬರೆಯುತ್ತಿರುವುದು ಸಿಟ್ಟಿನಿಂದ. ನನ್ನ ಮೇಲಿನ ಸಿಟ್ಟು ಮೊದಲು. ಆಮೇಲೆ ಆ ಅಂಗಳದಲ್ಲಿ ನಿಂತು ನಾಲಿಗೆ ಹರಿಬಿಟ್ಟವರ ಮೇಲೆ. ಕೊನೆಗೆ — ಇದನ್ನೂ ಮುಚ್ಚಿಡುವುದಿಲ್ಲ — ನನ್ನಂಥವನನ್ನು ನಂಬಿದರಲ್ಲ, ಆ ಸಾಬರ ಮೇಲೂ.

ನನ್ನ ಹೆಸರು ಮಂಜಾಚಾರಿ. ತುಮಕೂರಿನ ಶಿರಾ ಗೇಟಿನ ಹತ್ತಿರ, ದೊಡ್ಡ ರಸ್ತೆಯಿಂದ ಒಳಗೆ, ನನ್ನ ಕುಲುಮೆ ಇದೆ. ಅಪ್ಪ ಅಲ್ಲಿ ಕುಡುಗೋಲು, ಮಚ್ಚು, ನೇಗಿಲ ಗುಳ ಬಡಿಯುತ್ತಿದ್ದರು. ನಾನು ಚಾಕು ಮಾತ್ರ ಮಾಡುತ್ತೇನೆ. ಬಿರಿಯಾನಿ ಹೋಟೆಲಿನವರು, ಮಟನ್ ಅಂಗಡಿಯವರು, ಈಚೆಗೆ ಬೆಂಗಳೂರಿನ ದೊಡ್ಡ ಅಡುಗೆಮನೆಗಳ ಬಾಣಸಿಗರು — ಎಲ್ಲರೂ ಫೋನ್ ಮಾಡುತ್ತಾರೆ. ಎಲ್ಲರದೂ ಒಂದೇ ಪ್ರಶ್ನೆ. "ಯಾವ ಸ್ಟೀಲ್ ಒಳ್ಳೇದು ಸಾರ್? ಚೆನ್ನಾಗ್ ಹರಿತ ಇರ್ಬೇಕು, ಬೇಗ ಮೊಂಡಾಗ್ಬಾರ್ದು." ನಾನು ಮಹಾ ಪಂಡಿತನ ಹಾಗೆ ಗಂಟಲು ಸರಿಮಾಡಿಕೊಂಡು ಉತ್ತರ ಕೊಡುತ್ತೇನೆ. ಯಾವ ಉಕ್ಕು ಹರಿತ ಹಿಡಿಯುತ್ತದೆ, ಯಾವುದು ಉಳಿಸಿಕೊಳ್ಳುತ್ತದೆ, ಯಾವುದಕ್ಕೆ ಎಷ್ಟು ಹದ. ಹೇಳುವುದೆಲ್ಲ ನಿಜ. ಫೋನ್ ಇಟ್ಟ ಮೇಲೆ ಸುತ್ತಿಗೆ ಎತ್ತಿ ಬರಿಯ ಅಡೆಗಲ್ಲಿಗೆ ಬಡಿಯಬೇಕು ಅನ್ನಿಸುತ್ತದೆ. ಒಮ್ಮೊಮ್ಮೆ ಬಡಿಯುತ್ತೇನೆ ಕೂಡ. ಆಗ ಒಳಗಿನಿಂದ ನನ್ನ ಹೆಂಡತಿ ಪಾರ್ವತಿ "ಯಾರ್ ಮೇಲ್ರೀ ಕ್ವಾಪ?" ಅಂತಾಳೆ. ಯಾರ ಮೇಲೆ ಎಂದು ಅವಳಿಗೆ ಗೊತ್ತಿದೆ.

ಯಾಕೆಂದರೆ ಆ ಪ್ರಶ್ನೆಯನ್ನು ನನ್ನ ಕುಲುಮೆಯಲ್ಲಿ ಮೊದಲು ಕೇಳಿದವರು ಗೌಸ್ ಸಾಬರು. ಅವರು ಕೇಳಿದ್ದು ತಮಗಾಗಿ ಅಲ್ಲ, ಕುರಿಗಾಗಿ.

ಸಾಬರು ಗುಬ್ಬಿಯವರು. ಕುರಿ ಕೊಯ್ಯುವುದು ಅವರ ತಾತನಿಂದ ಬಂದ ಕಸುಬು. ಅಪ್ಪನ ಕಾಲದಿಂದಲೂ ಅವರ ಚಾಕು ಆಗುತ್ತಿದ್ದದ್ದು ನಮ್ಮ ಕುಲುಮೆಯಲ್ಲೇ. ನಮ್ಮದು ಮಾಂಸ ಮುಟ್ಟದ ಮನೆ. ಅಮ್ಮ ಅವರ ಹಳೇ ಚಾಕುಗಳನ್ನು ಹೊಸ್ತಿಲು ದಾಟಲು ಬಿಡುತ್ತಿರಲಿಲ್ಲ; ಆದರೆ ಅವರು ಬಂದರೆಂದರೆ ದೊಡ್ಡ ಲೋಟದ ತುಂಬ ಕಾಫಿ ಕಳಿಸುತ್ತಿದ್ದಳು. "ನಿಮ್ಮಮ್ಮಂಗೆ ನಾನ್ ಬೇಕು, ನನ್ ಚಾಕು ಬ್ಯಾಡ ನೋಡು ಮಂಜಣ್ಣ" ಎಂದು ಸಾಬರು ನಗುತ್ತಿದ್ದರು. ನಾನು ಅವರ ಮಗನ ವಯಸ್ಸಿನವನು. ಆದರೂ ಮಂಜಣ್ಣ ಎಂದೇ ಕರೆಯುತ್ತಿದ್ದರು.

ಕುರಿ ಕೊಯ್ಯುವವರ ಎದೆ ಕಲ್ಲು ಅನ್ನುವವರಿದ್ದಾರೆ. ಅಂಥವರು ಸಾಬರ ಕೆಲಸ ನೋಡಬೇಕಿತ್ತು. ಚಾಕುವನ್ನು ಪ್ರಾಣಿಯ ಕಣ್ಣಿಗೆ ಬೀಳದ ಹಾಗೆ ಇಟ್ಟುಕೊಳ್ಳುತ್ತಿದ್ದರು. ಒಂದು ಕುರಿಯ ಎದುರಿಗೆ ಇನ್ನೊಂದನ್ನು ಕೊಯ್ಯುತ್ತಿರಲಿಲ್ಲ. ನೀರು ಕುಡಿಸಿ, ಕತ್ತು ಸವರಿ, ದೇವರ ಹೆಸರು ಹೇಳಿ, ಒಂದೇ ಎಳೆತ. ಅದಕ್ಕೆ ನೋವು ಗೊತ್ತಾಗುವ ಮೊದಲೇ ಮುಗಿಯಬೇಕು — ಇದು ಅವರ ಧರ್ಮ ಹೇಳಿದ್ದು. ಎಲ್ಲಕ್ಕಿಂತ ಮುಖ್ಯ, ಕುರಿಯ ಮುಂದೆ ಚಾಕು ಮಸೆಯುವ ಹಾಗಿಲ್ಲ. ಅಲಗಿನ ಬಾಯಿ ಕೊಂಚ ಮೊಂಡಾಯಿತು ಅನ್ನಿಸಿದರೆ ಸಾಕು, ಕಲ್ಲು ಹಿಡಿದುಕೊಂಡು ಗೋಡೆಯ ಆಚೆ ಬದಿಗೆ ಹೋಗಿ ಮಸೆದು ಬರುತ್ತಿದ್ದರು.

"ಕಲ್ಲಿನ್ ಸದ್ದು ಕೇಳುದ್ರೆ ಅದ್ಕೆ ಗೊತ್ತಾಗ್ಬುಡುತ್ತೆ ಕಣಪ್ಪಾ. ಸಾಯೋಕ್ ಮುಂಚೆ ಒಂದ್ಸಲ ಸಾಯ್ತದೆ."

ಕುಣಿಗಲ್ಲಿನಲ್ಲಿ ಒಬ್ಬ ಮಂಡಿ ಸಾಹುಕಾರರ ಮನೆ. ಬಕ್ರೀದಿಗೆ ಅವರ ನೆಂಟರಿಷ್ಟರ ಕುರಿಗಳೆಲ್ಲ ಅದೇ ಅಂಗಳಕ್ಕೆ ಬರುತ್ತಿದ್ದವು, ಕೊಯ್ಯುವುದು ಸಾಬರೊಬ್ಬರೇ. ಬೆಳಿಗ್ಗೆ ನಮಾಜು ಮುಗಿದಮೇಲೆ ಶುರುವಾದರೆ ಮಧ್ಯಾಹ್ನದವರೆಗೆ. ಸಾಬರಿಗೆ ವಯಸ್ಸಾಗುತ್ತಿತ್ತು, ಮಂಡಿನೋವು ಬೇರೆ. ಅವರು ಗೋಡೆಯ ಆಚೆ ಹೋಗಿ ಮಸೆದು ಬರುವಷ್ಟು ಹೊತ್ತು ಈಚೆ ಒಂದು ಪ್ರಾಣಿ ಯಾರದೋ ಕೈಯಲ್ಲಿ ಅಲುಗಾಡದೆ ನಿಂತಿರಬೇಕು. ಅದು ಅವರಿಗೆ ಸಹಿಸಲಾಗುತ್ತಿರಲಿಲ್ಲ.

"ಬೆಳಿಗ್ಗೆಯಿಂದ ಮಧ್ಯಾನದ್ ಗಂಟ ಕಲ್ಲು ಕೇಳ್ದೆ ಇರೋ ಚಾಕು ಮಾಡ್ಕೊಡು ಮಂಜಣ್ಣ," ಅಂದರು. "ಆಯ್ತದಾ?"

ಆಗುತ್ತದೆ ಅಂದೆ. ಯಾಕೆ ಆಗಲ್ಲ ಅಂದೆ. ಅಲ್ಲೇ ಕೂತಿದ್ದವರಿಗೆಲ್ಲ ಕೇಳುವ ಹಾಗೆ ಅಂದೆ.

ಇಲ್ಲಿ ಉಕ್ಕಿನ ಮಾತು ಸ್ವಲ್ಪ ಹೇಳಲೇಬೇಕು, ಇಲ್ಲದಿದ್ದರೆ ನನ್ನ ತಪ್ಪು ಎಂಥದು ಎಂದು ನಿಮಗೆ ತಿಳಿಯುವುದಿಲ್ಲ. ಅಪ್ಪ ಮಾಡುತ್ತಿದ್ದದ್ದು ಲಾರಿಯ ಹಳೇ ಸ್ಪ್ರಿಂಗ್ ಪ್ಲೇಟಿನಲ್ಲಿ. ಪ್ಲೇಟಿನ ಚಾಕು ಬೇಗ ಹರಿತವಾಗುತ್ತದೆ, ಬೇಗ ಮೊಂಡಾಗುತ್ತದೆ, ಆದರೆ ಮುರಿಯುವುದಿಲ್ಲ. ಮೂಳೆಗೆ ತಗುಲಿದರೆ ಬಾಯಿ ಮಡಚಿಕೊಳ್ಳುತ್ತದೆ, ಅಷ್ಟೇ. "ಬಗ್ಗೋ ಚಾಕು ಹೇಳಿ ಕೆಡುತ್ತೆ ಕಣೋ, ಮುರಿಯೋ ಚಾಕು ಹೇಳ್ದೆ ಕೆಡುತ್ತೆ" ಎಂದು ಅಪ್ಪ ಹೇಳುತ್ತಿದ್ದರು. ನಾನು ಅಪ್ಪನಿಗಿಂತ ಬುದ್ಧಿವಂತ, ನೋಡಿ! ಅಂತರಸನಹಳ್ಳಿಯ ಗುಜರಿಯಲ್ಲಿ ಲಾರಿ ಚಕ್ರದ ದೊಡ್ಡ ಬೇರಿಂಗುಗಳು ಸಿಗುತ್ತಿದ್ದವು. ಅದರ ಹೊರಬಳೆ ಪ್ಲೇಟಿಗಿಂತ ಬಲು ಗಟ್ಟಿ. ಬಳೆಯನ್ನು ಕತ್ತರಿಸಿ, ಕಾಯಿಸಿ, ನೆಟ್ಟಗೆ ಬಡಿದು ಚಾಕು ಮಾಡಿದರೆ ಹರಿತ ಬಹಳ ದಿನ ನಿಲ್ಲುತ್ತದೆ. ಅದೂ ನಿಜವೇ. ಬೇರಿಂಗ್ ಸ್ಟೀಲನ್ನು ಆರಿಸಿದ್ದು ತಪ್ಪಲ್ಲ. ಇವತ್ತಿಗೂ ಅದೇ ಉಕ್ಕಿನಲ್ಲೇ ಅನ್ನ ತಿನ್ನುತ್ತಿದ್ದೇನೆ.

ತಪ್ಪಾದದ್ದು ಆಮೇಲೆ.

ಬೇರಿಂಗ್ ಸ್ಟೀಲನ್ನು ಕೆಂಪಗೆ ಕಾಯಿಸಿ ಎಣ್ಣೆಗೆ ಅದ್ದಬೇಕು. ನೀರಿಗಲ್ಲ. ನೀರು ಅದನ್ನು ಒಮ್ಮೆಲೇ ತಣಿಸುತ್ತದೆ, ಉಕ್ಕು ಒಳಗೇ ಎಳೆದಾಡಿಕೊಂಡು ಬಿರುಕು ಬಿಡಬಹುದು. ಇದು ನನಗೆ ಗೊತ್ತಿತ್ತು. ಗೊತ್ತಿಲ್ಲದೆ ಮಾಡಿದೆ ಎಂದು ಬರೆಯಲು ಒಮ್ಮೆ ಕೈ ಹೋಯಿತು — ಇಲ್ಲ, ಗೊತ್ತಿತ್ತು. ಮೊದಲು ಎಣ್ಣೆಗೇ ಅದ್ದಿದ್ದೆ. ಚಾಕು ಚೆನ್ನಾಗಿಯೇ ಆಗಿತ್ತು. ಗಟ್ಟಿಯಾಗಿದೆಯೇ ಎಂದು ಅರ ಉಜ್ಜಿ ನೋಡಿದೆ; ಪೂರ್ತಿ ಗಟ್ಟಿಯಾದ ಉಕ್ಕಿನ ಮೇಲೆ ಅರ ಕಚ್ಚದೆ ಜಾರುತ್ತದೆ. ಅರ ಜಾರಿತು, ಆದರೆ ಎಲ್ಲೋ ಒಂದು ಕಡೆ ಸಣ್ಣಗೆ, ಅಷ್ಟೇ ಅಷ್ಟು ಕಚ್ಚಿತು. ಅಲ್ಲಿಗೇ ನಿಲ್ಲಿಸಿ, ಮೆಲ್ಲಗೆ ಬಿಸಿ ಮಾಡಿ ಹದ ಕೊಟ್ಟು, ಹಿಡಿ ಹಾಕಿದ್ದರೆ ಸಾಬರು ಇವತ್ತಿಗೂ ತಲೆ ಎತ್ತಿಕೊಂಡು ಕುಣಿಗಲ್ಲಿನ ಬೀದಿಯಲ್ಲಿ ನಡೆಯುತ್ತಿದ್ದರು. ನನಗೆ ಅಷ್ಟು ಸಾಲಲಿಲ್ಲ. ಅರ ಗಾಜಿನ ಮೇಲೆ ಜಾರಿದ ಹಾಗೆ ಜಾರಬೇಕು! ಶಿರಾ ಗೇಟಿನಲ್ಲಿ ಎಲ್ಲರ ಮುಂದೆ ಕೊಚ್ಚಿಕೊಂಡಿದ್ದೆನಲ್ಲ, ಮಂಜಾಚಾರಿಯ ಚಾಕು ಇಡೀ ಬಕ್ರೀದಿಗೆ ಒಂದು ಸಲವೂ ಕಲ್ಲು ಕೇಳುವುದಿಲ್ಲ ಎಂದು! ಚಾಕುವನ್ನು ಮತ್ತೆ ಕಾಯಿಸಿದೆ. ಈ ಸಲ ನೀರಿಗೆ ಅದ್ದಿದೆ.

ಟಿಕ್ ಅಂದಿತು.

ಅಷ್ಟೇ ಸದ್ದು. ಒಣಗಿದ ತೊಗರಿಕಾಯಿ ಒಡೆದಷ್ಟು. ಪಾರ್ವತಿ ಬಾಗಿಲಲ್ಲಿ ನಿಂತಿದ್ದಳು.

"ಅದೇನ್ರೀ ಟಿಕ್ ಅಂತು?"

"ಇಜ್ಜಲು ಸಿಡೀತು ಕಣೇ."

ನನ್ನ ಮೊದಲ ಸುಳ್ಳು ಅದು. ಅವಳು ಮಡಕೆ ಕೊಳ್ಳುವಾಗ ಬೆರಳಲ್ಲಿ ತಟ್ಟಿ, ಸದ್ದು ಕೇಳಿ, ಒಡಕು ಗುರುತಿಸುವವಳು. ಇದ್ದಿಲು ಇದ್ದದ್ದು ಒಲೆಯಲ್ಲಿ, ಸದ್ದು ಬಂದದ್ದು ನೀರಿನ ತೊಟ್ಟಿಯಿಂದ. ಅವಳು ನನ್ನ ಮುಖ ನೋಡಿದಳು, ಒಳಗೆ ಹೋದಳು.

ಚಾಕುವನ್ನು ದಾರದಲ್ಲಿ ತೂಗುಬಿಟ್ಟು ತಟ್ಟಿದೆ. ಒಳ್ಳೆಯ ಅಲಗು ಠಣ್ ಎಂದು ಬಹಳ ಹೊತ್ತು ಹಾಡುತ್ತದೆ. ಇದು ಠಕ್ ಅಂದು ಸುಮ್ಮನಾಯಿತು. ಸೀಮೆಎಣ್ಣೆ ಸವರಿ ಒರೆಸಿದೆ. ಎಲ್ಲ ಕಡೆ ಒಣಗಿದ ಮೇಲೂ, ಹಿಡಿಯ ಹತ್ತಿರ, ಬಾಯಿಯ ಅಂಚಿನಿಂದ ಮೇಲಕ್ಕೆ ಓರೆಯಾಗಿ, ಕೂದಲೆಳೆಯಷ್ಟು ಒದ್ದೆ ಗೆರೆ ಉಳಿಯಿತು. ಬಿರುಕಿನೊಳಗೆ ಹೋದ ಎಣ್ಣೆ ನಿಧಾನ ಹೊರಗೆ ಬರುತ್ತಿತ್ತು. ಇದಕ್ಕಿಂತ ಸ್ಪಷ್ಟವಾಗಿ ಕಬ್ಬಿಣ ಬಾಯಿಬಿಟ್ಟು ಏನು ಹೇಳಬೇಕು?

ನಾನೇನು ಮಾಡಿದೆ? ಬಿಸಿ ಮರಳಿನ ಮೇಲಿಟ್ಟು ಹದ ಕೊಟ್ಟೆ. ಸಾಣೆ ಹಿಡಿದೆ. ಗೆರೆ ಕಾಣದಾಗುವವರೆಗೆ ಉಜ್ಜಿದೆ, ಮೇಲೆ ಪಾಲಿಶ್ ಹಾಕಿದೆ. ಬಿರುಕು ಹೋಗಿರಲಿಲ್ಲ, ಅದರ ಬಾಯಿ ಮಾತ್ರ ಮುಚ್ಚಿತ್ತು. ಹಬ್ಬ ಹತ್ತಿರದಲ್ಲಿತ್ತು, ಮಾರನೆಯ ದಿನವೇ ಸಾಬರು ಬರುವವರಿದ್ದರು. "ಸಾಬ್ರೆ, ಕೆಟ್ಟೋಯ್ತು, ಈ ವರ್ಷ ಹಳೇ ಚಾಕುನಲ್ಲೇ ಸುಧಾರಿಸ್ಕೊಳಿ" ಅಂದಿದ್ದರೆ ಅವರು "ಆಯ್ತ್ ಬುಡು" ಅನ್ನುತ್ತಿದ್ದರು. ಕಾಫಿ ಕುಡಿದು ಹೋಗುತ್ತಿದ್ದರು. ಇಷ್ಟು ಸುಲಭದ ಮಾತು. ಅದನ್ನು ಹೇಳಲಾರದಷ್ಟು ನನ್ನ ಜಂಬ ಬೆಳೆದಿತ್ತು.

ಸಾಬರು ಬಂದರು. ಮುಂಗೈ ಮೇಲಿನ ಕೂದಲಿಗೆ ಚಾಕು ತಾಗಿಸಿದರು, ಕೂದಲು ಉದುರಿತು. ಮತ್ತೆ ಮತ್ತೆ ತಿರುಗಿಸಿ ನೋಡಿದರು. "ನಿಮ್ಮಪ್ಪ ಇದ್ದಿದ್ರೆ ನೋಡಿ ಖುಷಿ ಪಡೋರು," ಅಂದರು. ನಾನು ಹಲ್ಲು ಕಿರಿದೆ.

ಕುಣಿಗಲ್ಲಿನಲ್ಲಿ ಆದದ್ದನ್ನು ನಾನು ಕಣ್ಣಾರೆ ಕಂಡಿಲ್ಲ. ಕೇಳಿದ್ದೇನೆ — ಅಲ್ಲಿದ್ದವರಿಂದ ಕೇಳಿದ್ದೇನೆ, ಸಾಬರ ಬಾಯಿಂದಲೇ ಕೇಳಿದ್ದೇನೆ. ಮೊದಲ ಕುರಿಗಳೆಲ್ಲ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಆದವಂತೆ. ಸಾಬರು ಒಂದು ಸಲವೂ ಗೋಡೆಯ ಆಚೆ ಹೋಗಲಿಲ್ಲವಂತೆ, ಖುಷಿಯಾಗಿದ್ದರಂತೆ. ಆಮೇಲೆ ಒಂದು ದೊಡ್ಡ ಟಗರು. ಎಳೆತ ಅರ್ಧ ಆಗಿದೆ, ಹಿಡಿಯ ಹತ್ತಿರ ಹೆಬ್ಬೆರಳ ಉಗುರಿನಷ್ಟು ತುಂಡು ಎದ್ದುಹೋಯಿತು. ಅಲ್ಲಿ ಆದ ಸಂದಿಗೆ ಚರ್ಮ ಸಿಕ್ಕಿಕೊಂಡು ಚಾಕು ನಿಂತೇಬಿಟ್ಟಿತು. ಟಗರು ಅರಚಿತು. ಹಿಡಿದಿದ್ದವರ ಕೈ ಜಾರಿತು. ಸಾಬರು ಚೀಲದಿಂದ ಹಳೇ ಪ್ಲೇಟಿನ ಚಾಕು ತೆಗೆದು ಮುಗಿಸುವಷ್ಟು ಹೊತ್ತು — ಅದು ಎಷ್ಟು ಹೊತ್ತೋ ನನಗೆ ಗೊತ್ತಿಲ್ಲ. ಟಗರಿಗೆ ಗೊತ್ತು, ಸಾಬರಿಗೆ ಗೊತ್ತು. ಗೋಡೆಯ ಆಚೆ ಕಟ್ಟಿದ್ದ ಕುರಿಗಳೆಲ್ಲ ಆ ಅರಚಾಟ ಕೇಳಿ ಹಗ್ಗ ಎಳೆದಾಡಿದವಂತೆ.

ಸಾಹುಕಾರರು ಜಗುಲಿಯ ಮೇಲೆ ನಿಂತಿದ್ದರು. ಅಲ್ಲಿಂದಲೇ ಅಂದರಂತೆ: "ಮುದುಕನ್ ಕೈ ನಡುಗ್ತು. ಮುಂದಿನ್ ವರ್ಷ ಬೇರೆಯವ್ರನ್ನ ಕರ್ಸಿ."

ಅಷ್ಟೇ. ಒಬ್ಬ ಅಂದ ಮೇಲೆ ಉಳಿದವರಿಗೇನು? ಹೌದು ನಡುಗಿತು, ನಾನೂ ನೋಡಿದೆ, ಹೋದ ವರ್ಷವೇ ನಡುಗುತ್ತಿತ್ತು, ಕಣ್ಣೂ ಸರಿ ಇಲ್ಲ. ಅಯ್ಯಾ ಪುಣ್ಯಾತ್ಮರೇ, ನಿಮ್ಮ ಮನೆಯ ಹಬ್ಬಗಳನ್ನೆಲ್ಲ ಆ ಕೈ ಮಾಡಿಕೊಟ್ಟಿತ್ತಲ್ಲ, ನಿಮ್ಮ ಅಪ್ಪಂದಿರ ಕಾಲದಿಂದ! ಒಬ್ಬನಾದರೂ ಬಗ್ಗಿ ಆ ತುಂಡನ್ನು ಎತ್ತಿ ನೋಡಿದನೇ? ಕಬ್ಬಿಣವನ್ನು ಯಾರೂ ಕೇಳಲಿಲ್ಲ. ಮನುಷ್ಯನ ಮೇಲೆ ಹಾಕುವುದು ಸುಲಭ ನೋಡಿ, ಅವನಿಗೆ ವಯಸ್ಸಾಗಿದ್ದರೆ ಇನ್ನೂ ಸುಲಭ. ಹೀಗೆ ನಿಮ್ಮ ಮೇಲೆ ಹಲ್ಲು ಕಡಿಯುತ್ತೇನೆ, ಆಮೇಲೆ ನೆನಪಾಗುತ್ತದೆ. ನಿಮಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

ಹಬ್ಬ ಕಳೆದ ಮೇಲೆ ಸಾಬರು ಗುಬ್ಬಿಯಿಂದ ಬಸ್ಸಿನಲ್ಲಿ ಬಂದರು. ಟವೆಲಿನಲ್ಲಿ ಸುತ್ತಿದ್ದ ಚಾಕು ಬಿಚ್ಚಿ ಅಡೆಗಲ್ಲಿನ ಮೇಲಿಟ್ಟರು. ಪಕ್ಕದಲ್ಲಿ ಮುರಿದ ತುಂಡು. ಅಂಗಳದ ಮಣ್ಣಿನಲ್ಲಿ ಹುಡುಕಿ ತಂದಿದ್ದರು, ತೊಳೆದಿದ್ದರು. ಅವರು ಸಿಟ್ಟಾಗಿರಲಿಲ್ಲ. ಸಿಟ್ಟಾಗಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆನೇನೋ. ಎದುರಿನ ಸ್ಟೂಲಿನ ಮೇಲೆ ಕೂತು, ತಮ್ಮ ಬಲಗೈಯನ್ನು ಮೇಲಕ್ಕೂ ಕೆಳಕ್ಕೂ ತಿರುಗಿಸಿ ನೋಡಿಕೊಂಡು ಕೇಳಿದರು:

"ಕಬ್ಣದ್ ವಿಚಾರ ನಿಂಗ್ ಗೊತ್ತು ಮಂಜಣ್ಣ. ನೀನ್ ಹೇಳಿದ್ದನ್ನ ನಾನ್ ನಂಬ್ತೀನಿ. ಇದು ಚಾಕುದಾ, ನನ್ ಕೈದಾ?"

ನಾನು ತುಂಡನ್ನು ಕೈಗೆ ತೆಗೆದುಕೊಂಡೆ. ಆಗಷ್ಟೇ ಮುರಿದ ಉಕ್ಕಿನ ಒಳಗು ಬೂದು ಬಣ್ಣ, ಸಕ್ಕರೆಯ ಹಾಗೆ ಮಿನುಗುತ್ತದೆ. ಆದರೆ ಹದ ಕೊಡುವುದಕ್ಕೆ ಮುಂಚೆಯೇ ಬಿರುಕು ಬಿಟ್ಟಿದ್ದರೆ ಆ ಬಿಸಿಗೆ ಬಿರುಕಿನ ಒಳಗೋಡೆ ಕಪ್ಪಾಗುತ್ತದೆ. ತುಂಡಿನ ಅಂಚಿನಲ್ಲಿ ಅರ್ಧ ಬೂದು, ಅರ್ಧ ಕಪ್ಪು. ಚಾಕುವಿನ ಸಂದಿಯಲ್ಲೂ ಹಾಗೆಯೇ. ಅಂದರೆ ಆ ಚಾಕು ಕುಣಿಗಲ್ಲಿನಲ್ಲಿ ಮುರಿಯುವುದಕ್ಕೆ ಮೊದಲು ನನ್ನ ಕುಲುಮೆಯಲ್ಲೇ ಅರ್ಧ ಮುರಿದಿತ್ತು. ಯಾವ ಕಮ್ಮಾರನಿಗೆ ತೋರಿಸಿದ್ದರೂ ಒಂದೇ ನೋಟಕ್ಕೆ ಹೇಳುತ್ತಿದ್ದ. ಸಾಬರು ಬೇರೆ ಯಾರಿಗೂ ತೋರಿಸದೆ ನೇರ ನನ್ನ ಹತ್ತಿರ ಬಂದಿದ್ದರು.

"ಮೂಳೆಗ್ ಬಡ್ದಿರ್ಬೇಕು ಸಾಬ್ರೆ," ಅಂದೆ. "ಕೈ ಓರೆ ಆಗೈತೆ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವರು ತಲೆಯಾಡಿಸಿದರು. ನಾನು ಅಲ್ಲಿಗೂ ನಿಲ್ಲಿಸಲಿಲ್ಲ — "ಕೊಡಿ, ಸರಿ ಮಾಡ್ಕೊಡ್ತೀನಿ" ಎಂದು ಚಾಕು ಎತ್ತಿಕೊಂಡು ಗ್ರೈಂಡರ್ ಹಾಕಿದೆ. ಸಂದಿಯ ಅಂಚನ್ನು ಉಜ್ಜಿದೆ, ಕಪ್ಪು ಅಷ್ಟೂ ಹೋಗುವವರೆಗೆ. ಕಿಡಿ ಹಾರುತ್ತಿತ್ತು. ಸಾಬರು ನೋಡುತ್ತ ಕೂತಿದ್ದರು. ತಮ್ಮ ಕೈ ನಿರಪರಾಧಿ ಎಂದು ಹೇಳಬಲ್ಲ ಸಾಕ್ಷಿ ಕಣ್ಣೆದುರಿಗೆ ಉರಿದುಹೋಗುತ್ತಿದೆ ಎಂದು ಅವರಿಗೆ ತಿಳಿಯದು. "ಬ್ಯಾಡ ಬುಡು ಮಂಜಣ್ಣ, ಯಾಕ್ ತ್ರಾಸ ತಗೋತೀಯ? ಇನ್ ನಂಗ್ಯಾಕೆ ಚಾಕು?" ಅಂದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಲ್ಲಿ ನೆಲವೇ ಡೊಂಕಿತ್ತು. ನೆಲ ಹಾಸಿದ ನಾನೇ ನಿಂತುಕೊಂಡು ನಿಮ್ಮ ಕಾಲು ಡೊಂಕು ಅಂದೆ.

ಆವತ್ತಿನಿಂದ ಗೌಸ್ ಸಾಬರು ಚಾಕು ಹಿಡಿಯಲಿಲ್ಲ.

ನಾನು ಹಿಡಿದೆ. ಚೆನ್ನಾಗಿಯೇ ಹಿಡಿದೆ. ಮತ್ತೆಂದೂ ಬೇರಿಂಗ್ ಸ್ಟೀಲನ್ನು ನೀರಿಗೆ ಅದ್ದಲಿಲ್ಲ, ಟಿಕ್ ಎಂದ ಯಾವುದನ್ನೂ ಹೊರಗೆ ಬಿಡಲಿಲ್ಲ. ನನ್ನ ಚಾಕುಗಳಿಗೆ ಹೆಸರು ಬಂತು. ಒಮ್ಮೊಮ್ಮೆ ಯಾರಾದರೂ ಕೇಳುತ್ತಿದ್ದರು: "ಕುಣಿಗಲ್ನಲ್ಲಿ ಮುರೀತಂತಲ್ಲ, ಅದೂ ನಿಮ್ದೇನಾ?" ನಾನು ಮುಖ ಗಂಟಿಕ್ಕದೆ ಹೇಳುತ್ತಿದ್ದೆ: "ಮೂಳೆಗೆ ಬಡುದ್ರೆ ಯಾವ್ ಚಾಕು ತಡೀತದೆ? ಪಾಪ, ವಯಸ್ಸಾಗಿತ್ತು." ಪಾಪ ಅಂತಿದ್ದೆ! ಆ ಪಾಪ ಎಂಬ ಮಾತು ನೆನೆಸಿಕೊಂಡರೆ ಈಗಲೂ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ. ಒಂದು ಸಲ ಹೇಳಿದ ಸುಳ್ಳಲ್ಲ ಇದು. ಕೇಳಿದವರಿಗೆಲ್ಲ ಹೊಸದಾಗಿ ಮಸೆದು ಕೊಟ್ಟ ಸುಳ್ಳು.

ಈಚೆಗೆ ಗುಬ್ಬಿಯ ಒಂದು ಹೋಟೆಲಿಗೆ ಚಾಕು ಕೊಡಲು ಹೋಗಿದ್ದೆ. ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಒಂದು ಚಿಲ್ಲರೆ ಅಂಗಡಿ. ಅದರ ಮುಂದೆ ಕುರ್ಚಿಯ ಮೇಲೆ ಸಾಬರು ಕೂತಿದ್ದರು. ಅದು ಅವರ ಮಗಳ ಅಂಗಡಿ. "ಬಾ ಮಂಜಣ್ಣ" ಎಂದು ಪಕ್ಕದಲ್ಲಿ ಕೂರಿಸಿಕೊಂಡರು. ಮಗಳು ಟೀ ತಂದು ಕೊಟ್ಟಳು. ಸಾಬರು ಎಡಗೈಯಲ್ಲಿ ಲೋಟ ತೆಗೆದುಕೊಂಡರು. ಉಣ್ಣುವುದು, ಕುಡಿಯುವುದು ಬಲಗೈಯಲ್ಲೇ ಎಂದು ಅಷ್ಟು ಕಟ್ಟುನಿಟ್ಟಾಗಿದ್ದ ಮನುಷ್ಯ! ಬಲಗೈ ತೊಡೆಯ ಕೆಳಗೆ ಇತ್ತು, ಶಾಲು ಮುಚ್ಚಿತ್ತು. ಪೆಟ್ಟಾಗಿದೆಯೇನೋ ಎಂದು ಕೇಳಿದೆ.

"ಏನೂ ಆಗಿಲ್ಲ ಅಣ್ಣ," ಮಗಳು ಅಂದಳು. "ಡಾಕ್ಟ್ರು ನೋಡಿ ಚೆನ್ನಾಗೈತೆ ಅಂದ್ರು. ಇವ್ರೇ ನಂಬಲ್ಲ."

ಅವಳು ಒಳಗೆ ಹೋದ ಮೇಲೆ ಸಾಬರು ಮೆಲ್ಲಗೆ ಅಂದರು: "ಡಾಕ್ಟ್ರಿಗೇನ್ ಗೊತ್ತು. ಆ ಮೂಕಪ್ರಾಣಿ ಈ ಕೈಯಿಂದ ನರಳ್ತು ಮಂಜಣ್ಣ. ಮೇಲೋದ್ಮೇಲೆ ಅದು ನನ್ನ ಕೇಳ್ತದೆ. ನಾನೇನ್ ಹೇಳ್ಲಿ?"

ಅವರು ಇಷ್ಟು ವರ್ಷ ಸಾಹುಕಾರರ ಮಾತಿಗೆ ಕೊರಗುತ್ತಿದ್ದಾರೆ ಎಂದುಕೊಂಡಿದ್ದೆ. ಹೆಸರು ಕೆಟ್ಟಿತು ಎಂದು ಕೊರಗುತ್ತಿದ್ದಾರೆ ಎಂದುಕೊಂಡಿದ್ದೆ. ಅವರು ದೇವರ ಮುಂದೆ ಒಂದು ಟಗರಿಗೆ ಕೊಡಬೇಕಾದ ಉತ್ತರ ಹುಡುಕುತ್ತ ಕೂತಿದ್ದರು. ಆ ಉತ್ತರ ಕೊಡಬೇಕಾದವನು ಪಕ್ಕದಲ್ಲಿ ಕೂತು ಅವರ ಮಗಳು ಮಾಡಿದ ಟೀ ಕುಡಿಯುತ್ತಿದ್ದ. ಆವತ್ತು ಕೂಡ ನಾನು ಬಾಯಿ ಬಿಡಲಿಲ್ಲ. ಲೋಟ ಇಟ್ಟು ಎದ್ದು ಬಂದೆ.

ಮನೆಗೆ ಬಂದು ಕುಲುಮೆಯಲ್ಲಿ ಕೂತಿದ್ದೆ. ಪಾರ್ವತಿ ಬಂದು ಎದುರಿಗೆ ನಿಂತಳು. ಗುಬ್ಬಿಯಲ್ಲಿ ಯಾರು ಸಿಕ್ಕಿದ್ದರು ಎಂದು ನನ್ನ ಮುಖ ನೋಡಿಯೇ ತಿಳಿದಿದ್ದಳು.

"ಅವತ್ತು ಟಿಕ್ ಅಂದಿದ್ದು ಇಜ್ಜಲಲ್ಲ ಅಂತ ನಂಗೂ ಗೊತ್ತು," ಅಂದಳು. "ನಾನೂ ಬಾಯ್ ಮುಚ್ಕೊಂಡಿದ್ದೆ, ಅದ್ ನನ್ ಪಾಪ. ನಿಮ್ದು ನೀವ್ ಹೋಗಿ ಹೇಳ್ರಿ."

ಕುಲುಮೆಯ ಮೂಲೆಯಲ್ಲಿ ಮೊಳೆ ಹಾಕಿಡುವ ಡಬ್ಬಿ ಇದೆ. ಅದರ ತಳದಲ್ಲಿ ಆ ತುಂಡು ಇತ್ತು. ಚಾಕುವಿನ ಸಂದಿಯನ್ನು ಉಜ್ಜಿದ್ದೆ. ತುಂಡನ್ನು ಆವತ್ತು ಜೇಬಿಗೆ ಹಾಕಿಕೊಂಡವನು ಎಸೆಯಲೂ ಆಗದೆ, ಕರಗಿಸಲೂ ಆಗದೆ ಡಬ್ಬಿಗೆ ಹಾಕಿದ್ದೆ. ಬೂದು ಭಾಗಕ್ಕೆ ತುಕ್ಕು ಹಿಡಿದಿತ್ತು. ಕಪ್ಪು ಕಪ್ಪಾಗಿಯೇ ಇತ್ತು.

ಮಾರನೆಯ ದಿನವೇ ಗುಬ್ಬಿಗೆ ಹೋದೆ. ಸಾಬರು ಅದೇ ಕುರ್ಚಿಯಲ್ಲಿದ್ದರು. ನಾನು ಕೂರಲಿಲ್ಲ. ತುಂಡನ್ನು ಅವರ ಎಡಗೈಗೆ ಕೊಟ್ಟು, ಇಲ್ಲಿ ಬರೆದದ್ದನ್ನೆಲ್ಲ ಹೇಳಿದೆ. ಎಣ್ಣೆ, ನೀರು, ಟಿಕ್ ಅಂದದ್ದು, ಒದ್ದೆ ಗೆರೆ, ಕಪ್ಪು. ಅವರು ತುಂಡನ್ನು ಕಣ್ಣಿನ ಹತ್ತಿರ ಹಿಡಿದು ಬೆಳಕಿಗೆ ತಿರುಗಿಸಿ ತಿರುಗಿಸಿ ನೋಡಿದರು.

"ಈ ಕಪ್ಪು ಅವತ್ತೇ ಕಾಣ್ತಿತ್ತಾ ನಿಂಗೆ?"

"ಕಾಣ್ತಿತ್ತು ಸಾಬ್ರೆ."

"ನಾನ್ ಕೇಳ್ದಾಗ?"

"ನೀವ್ ಕೇಳ್ದಾಗ್ಲೇ."

ಅವರು ಎದ್ದರು. ಶಾಲಿನ ಕೆಳಗಿನಿಂದ ಬಲಗೈ ಹೊರಗೆ ಬಂತು. ನನ್ನ ಅಂಗಿಯ ಕತ್ತಿನ ಪಟ್ಟಿ ಹಿಡಿದು ಎಳೆದರು. ಅವರ ಮುಖ ನನ್ನ ಮುಖದ ಹತ್ತಿರ ಬಂತು. ಅಷ್ಟು ವರ್ಷದ ಪರಿಚಯದಲ್ಲಿ ಆ ಮುಖದಲ್ಲಿ ಸಿಟ್ಟು ನೋಡಿದ್ದು ಅದೇ ಮೊದಲು. ನೋಡಿ ನನಗೆ ಸಮಾಧಾನವಾಯಿತು, ಆ ಸಮಾಧಾನಕ್ಕೂ ನಾನು ಯೋಗ್ಯನಲ್ಲ. ಮಗಳು ಓಡಿ ಬಂದು "ಅಬ್ಬಾಜಾನ್, ಬಿಡಿ" ಅನ್ನುತ್ತಿದ್ದಳು.

"ನಂಗ್ಯಾಕೋ ಹೇಳ್ತೀಯ?" ಅಂದರು. "ನಾನ್ ಕೇಳ್ದಾಗ ಹೇಳ್ಲಿಲ್ಲ, ಈಗ ನಾನ್ ಕೇಳ್ಲಿಲ್ಲ. ಕುಣಿಗಲ್ಗೋಗು. ಯಾವ್ ಅಂಗಳದಲ್ಲಿ ನನ್ ಕೈ ನಡುಗ್ತು ಅಂದ್ರೋ, ಹಬ್ಬದ್ ದಿನ, ಅವ್ರೆಲ್ಲಾ ಇರೋವಾಗ ಅಲ್ಲೇ ನಿಂತು ಹೇಳು. ಆಮೇಲ್ ಬಾ, ನಿನ್ ಮುಖ ನೋಡ್ಬೇಕೋ ಬ್ಯಾಡ್ವೋ ಅಂತ ನೋಡ್ತೀನಿ."

ಮಂಜಣ್ಣ ಅನ್ನಲಿಲ್ಲ. ತುಂಡನ್ನು ನನ್ನ ಜೇಬಿಗೆ ತುರುಕಿದರು.

ನನ್ನ ಅಂಗಿ ಹಿಡಿದಿದ್ದ ಆ ಕೈ ನಡುಗುತ್ತಿರಲಿಲ್ಲ. ಇಕ್ಕಳದ ಹಾಗೆ ಹಿಡಿದಿತ್ತು. ನೋಡಿ ಸಾಬ್ರೆ, ನಿಮ್ಮ ಕೈ ನೋಡಿ ಅನ್ನಬೇಕೆಂದು ನಾಲಿಗೆಯ ತುದಿಯವರೆಗೆ ಬಂತು. ಅನ್ನಲಿಲ್ಲ. ಆ ಕೈಯ ವಿಚಾರದಲ್ಲಿ ನಾನು ಒಂದು ಸಲ ತೀರ್ಪು ಹೇಳಿದ್ದು ಸಾಕು. ಅದು ಗಟ್ಟಿ ಇದೆ ಎಂದು ಹೇಳುವ ಹಕ್ಕೂ ನನಗಿಲ್ಲ.

ಈ ಬಕ್ರೀದಿಗೆ ನಾನು ಕುಣಿಗಲ್ಲಿಗೆ ಹೋಗುತ್ತೇನೆ. ಸಾಹುಕಾರರು ಇದ್ದಾರೆ, ಜಗುಲಿ ಇದ್ದೇ ಇದೆ. ಆವತ್ತು ಬಾಯಿ ಹಾಕಿದವರೂ ಇರುತ್ತಾರೆ. ಕೆಲಸ ಶುರುವಾಗುವ ಮೊದಲೇ ಆ ತುಂಡನ್ನು ಕೈಯಿಂದ ಕೈಗೆ ದಾಟಿಸಿ ಎಲ್ಲರಿಗೂ ತೋರಿಸುತ್ತೇನೆ. ಹೊಡೆದರೆ ಹೊಡೆಸಿಕೊಳ್ಳುತ್ತೇನೆ. ಇನ್ನು ಯಾರೂ ನನ್ನ ಹತ್ತಿರ ಚಾಕು ಮಾಡಿಸದಿದ್ದರೆ ಅದು ಅವರ ಇಷ್ಟ. ಆ ಟಗರಿಗೆ ಮಾತ್ರ ನಾನು ಎಲ್ಲಿ ನಿಂತು ಏನು ಹೇಳಬೇಕೋ ತಿಳಿಯದು.

ಇದನ್ನು ಮೊದಲೇ ಬರೆದಿಟ್ಟು ನಿಮ್ಮ ಕೈಗೆ ಕೊಡುತ್ತಿರುವುದು ಒಂದೇ ಕಾರಣಕ್ಕೆ. ನನ್ನನ್ನು ನಾನು ಬಲ್ಲೆ. ಆ ಅಂಗಳದಲ್ಲಿ, ಅಷ್ಟು ಜನರ ಮುಂದೆ, ಅದೇನು ಟಿಕ್ ಅಂದದ್ದು ಎಂದು ಯಾರಾದರೂ ಕೇಳಿದರೆ, ಇಜ್ಜಲು ಸಿಡಿಯಿತು ಎಂದು ಮತ್ತೆ ಅಂದುಬಿಡುತ್ತೇನೇನೋ ಎಂಬ ಭಯ.